‘ಥಿಯೇಟರ್’ ಪದವನ್ನು ಕನ್ನಡಕ್ಕೆ ತರುವುದು: ನನ್ನ ಅನುಭವ

ಇಂಗ್ಲಿಷಿನ ಶಾಸ್ತ್ರಬರಹಗಳನ್ನು ಕನ್ನಡಕ್ಕೆ ತರುವಾಗ ಕಷ್ಟದ ಪದಗಳು ಅಷ್ಟಾಗಿ ಕಾಡುವುದಿಲ್ಲ. ನಿಘಂಟು ತೆಗೆಯುತ್ತೇವೆ, ನಾಲ್ಕು ಕಡೆ ನೋಡುತ್ತೇವೆ, ಒಂದು ತೀರ್ಮಾನಕ್ಕೆ ಬರುತ್ತೇವೆ. ಕೈಕೊಡುವುದು ಸುಲಭದ ಪದಗಳು. ಅವುಗಳಲ್ಲಿ ‘ಥಿಯೇಟರ್’ ಮೊದಲನೆಯದು. ಯೋಚಿಸುವ ಮೊದಲೇ ಬೆರಳು ‘ರಂಗಭೂಮಿ’ ಎಂದು ಒತ್ತಿಬಿಟ್ಟಿರುತ್ತದೆ. ಅಂಗರಚನಾಶಾಸ್ತ್ರ, ಯುದ್ಧಶಾಸ್ತ್ರ, ಮಾನವಶಾಸ್ತ್ರ, ಮನಸ್ಸಿನ ತತ್ತ್ವಶಾಸ್ತ್ರ ಎಲ್ಲವೂ ಈ ಪದವನ್ನು ತಂತಮ್ಮ ಕೆಲಸಕ್ಕೆ ಬೇರೆಬೇರೆಯಾಗಿ ಬಳಸಿಕೊಂಡಿವೆ. ಕನ್ನಡದಲ್ಲಿ ಥಿಯೇಟರ್ ಎಂದಷ್ಟೇ ಬಿಟ್ಟರೆ ಓದುವವರ ಕಣ್ಣಿಗೆ ಬರುವುದು ಸಿನಿಮಾ ಟಾಕೀಸು.

ನಾನು ಮಾಡುವುದು ಹೀಗೆ. ಅನುವಾದಕ್ಕೆ ಕೂರುವ ಮೊದಲೇ ಮೂಲದಲ್ಲಿ ಈ ಪದ ಬರುವ ಪ್ರತಿ ವಾಕ್ಯವನ್ನೂ ಒಂದು ಹಾಳೆಗೆ ಇಳಿಸಿಕೊಳ್ಳುತ್ತೇನೆ. ಪುಟಸಂಖ್ಯೆ, ಇಡೀ ವಾಕ್ಯ, ಪಕ್ಕದಲ್ಲಿ ಐದು ಕಾಲಂ. ಮೊದಲ ನಾಲ್ಕಕ್ಕೆ ನಾಲ್ಕು ಪ್ರಶ್ನೆ: ಇಲ್ಲಿ ನಿಜವಾದ ಜಾಗ ಇದೆಯೇ? ನೋಡುವವರಿದ್ದಾರೆಯೇ? ಯಾರಾದರೂ ವೇಷ ಕಟ್ಟಿದ್ದಾರೆಯೇ? ಲೇಖಕರು ಹಂಗಿಸುತ್ತಿದ್ದಾರೆಯೇ? ಹೌದು, ಇಲ್ಲ ಎಂದು ತುಂಬಿದರೆ ಸಾಕು. ಐದನೆಯದು ಕನ್ನಡ ಪದದ ಕಾಲಂ. ಅದು ಕೊನೆಯವರೆಗೂ ಖಾಲಿ ಇರಬೇಕು. ಅದನ್ನು ಮೊದಲೇ ತುಂಬಿಕೊಂಡರೆ ಉಳಿದ ನಾಲ್ಕಕ್ಕೂ ನಮಗೆ ಬೇಕಾದ ಉತ್ತರವನ್ನೇ ಬರೆಯುತ್ತೇವೆ.

ನಾಲ್ಕರಲ್ಲಿ ಎರಡನೇ ಪ್ರಶ್ನೆಗೆ ತೂಕ ಹೆಚ್ಚು. ಗ್ರೀಕಿನ ‘ಥಿಯಾಟ್ರಾನ್’ ಎಂದರೆ ನೋಡುವ ಜಾಗ. ನಟರು ನಿಲ್ಲುವ ಜಾಗವಲ್ಲ, ಗುಡ್ಡದ ಇಳಿಜಾರಿನಲ್ಲಿ ಜನ ಕೂರುವ ಮೆಟ್ಟಿಲುಸಾಲು. ಮೇಳ ಕುಣಿಯುವ ನೆಲಕ್ಕೆ ‘ಆರ್ಕೆಸ್ಟ್ರಾ’, ಅದರ ಹಿಂದಿನ ಗುಡಾರಕ್ಕೆ ‘ಸ್ಕೀನೆ’ ಎಂದು ಬೇರೆ ಹೆಸರುಗಳಿದ್ದವು. ನಮ್ಮ ‘ರಂಗ’ ಹೊರಡುವುದು ಎದುರು ದಿಕ್ಕಿನಿಂದ, ಬಣ್ಣದಿಂದ ಮತ್ತು ಆಡುವ ನೆಲದಿಂದ. ಗ್ರೀಕ್ ಪದಕ್ಕೆ ಸರಿಹೊಂದುವುದು ನಾಟ್ಯಶಾಸ್ತ್ರದ ಎರಡನೇ ಅಧ್ಯಾಯದ ‘ಪ್ರೇಕ್ಷಾಗೃಹ’. ಮನುಷ್ಯರಿಗೆ ಅಲ್ಲಿ ಹೇಳಿರುವ ಅಳತೆ 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲ. ಉದ್ದದ ಅರ್ಧ ಪ್ರೇಕ್ಷಕರಿಗೆ. ಉಳಿದ 32ರಲ್ಲಿ ಹಿಂದಿನ 16 ನೇಪಥ್ಯಕ್ಕೆ, ಮುಂದಿನ 16 ರಂಗಶೀರ್ಷ ಮತ್ತು ರಂಗಪೀಠ ಎಂಬ ರಂಗದ ಎರಡು ಭಾಗಗಳಿಗೆ. ಇದಕ್ಕಿಂತ ದೊಡ್ಡದಾಗಿ ಕಟ್ಟಿದರೆ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು ಎಂಬ ಕಾರಣವನ್ನೂ ಕೊಟ್ಟಿದೆ. ಅಂದರೆ ಇಡೀ ಕಟ್ಟಡದ ಹೆಸರು ನೋಡುವವರದು. ರಂಗ ಅದರೊಳಗಿನ ಒಂದು ತುಂಡು. ಮೂಲದ ವಾಕ್ಯದಲ್ಲಿ ‘ಥಿಯೇಟರ್’ ಎಂದರೆ ಇಡೀ ಮನೆಯೋ ಆ ತುಂಡೋ ಎಂದು ಕೇಳಿಕೊಂಡರೆ ಅರ್ಧ ಗೋಜಲು ಬಿಡುತ್ತದೆ.

ವೈದ್ಯಕೀಯ ಇತಿಹಾಸದಲ್ಲಿ ಈ ಪ್ರಶ್ನೆ ಸಲೀಸಾಗಿ ಕೆಲಸ ಮಾಡುತ್ತದೆ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರಜ್ಞ ಫ್ಯಾಬ್ರಿಷಿಯಸ್ ಕಾಲದಲ್ಲಿ, 1594–95ರ ಹೊತ್ತಿಗೆ, ಶವ ಕೊಯ್ದು ತೋರಿಸಲೆಂದೇ ಕಟ್ಟಿದ ಕೋಣೆ ಇಂದಿಗೂ ಇದೆ. ಮೊಟ್ಟೆಯಾಕಾರದ ಆರು ಅಂತಸ್ತು, ಕೂರಲು ಜಾಗವಿಲ್ಲ. ವಿದ್ಯಾರ್ಥಿಗಳು ಮರದ ಕಟಕಟೆಗೆ ಆತು ನಿಂತು ಕೆಳಗಿನ ಮೇಜನ್ನು ನೋಡಬೇಕು. ಇದನ್ನು ‘ಅಂಗರಚನಾ ರಂಗಭೂಮಿ’ ಎಂದರೆ ಯಾರೋ ದೇಹದ ಮೇಲೆ ನಾಟಕ ಆಡಿಸುತ್ತಿದ್ದಾರೆ ಅನ್ನಿಸುತ್ತದೆ. ‘ಅಂಗರಚನಾ ಪ್ರೇಕ್ಷಾಗೃಹ’ ಎಂದರೆ ಕಟ್ಟಡವೇ ಕಣ್ಣಿಗೆ ಕಟ್ಟುತ್ತದೆ. ಶಸ್ತ್ರಚಿಕಿತ್ಸೆಯದೂ ಅದೇ ಕಥೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯವರು 1822ರಲ್ಲಿ ಚರ್ಚಿನ ಅಟ್ಟದ ಮೇಲೆ ಮಾಡಿಕೊಂಡ ಆಪರೇಟಿಂಗ್ ಥಿಯೇಟರ್ ಆಗಲಿ, 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆ ತೋರಿಸಿದ ಗುಮ್ಮಟದ ಕೋಣೆಯಾಗಲಿ, ಮೆಟ್ಟಿಲುಸಾಲಿನಲ್ಲಿ ಜನ ತುಂಬಿರುತ್ತಿದ್ದ ಜಾಗಗಳು. ಅಲ್ಲಿ ‘ಶಸ್ತ್ರಚಿಕಿತ್ಸಾ ಕೊಠಡಿ’ ಎಂದು ಬರೆದರೆ ಓದುವವರು ಹಸಿರು ಬಟ್ಟೆ, ಮುಚ್ಚಿದ ಬಾಗಿಲು, ಹೊರಗೆ ಕೆಂಪು ದೀಪ ಎಂದುಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ನೂರು ಜನ ಇಣುಕುತ್ತಿದ್ದರು ಎಂದು ಬಂದಾಗ ಗಲಿಬಿಲಿ. ಕ್ರಿಮಿಗಳ ಭಯದಿಂದ ಬಾಗಿಲು ಮುಚ್ಚಿದ ಮೇಲೂ ಹೆಸರು ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ 19ನೇ ಶತಮಾನದ ಬರಹಕ್ಕೆ ಪ್ರೇಕ್ಷಾಗೃಹ, ಇವತ್ತಿನ ಆಸ್ಪತ್ರೆಗೆ ಆಪರೇಷನ್ ಥಿಯೇಟರ್. ಊರ ಕಡೆ ಎಲ್ಲರ ಬಾಯಲ್ಲೂ ‘ಓಟಿ’ ಇರುವಾಗ ಅದನ್ನು ಸಂಸ್ಕೃತಕ್ಕೆ ತಿದ್ದುವುದು ವ್ಯರ್ಥ ಶ್ರಮ.

ಯುದ್ಧಶಾಸ್ತ್ರದಲ್ಲಿ ‘ರಣರಂಗ’ ಕೈಗೆ ಸಿದ್ಧವಾಗಿ ಸಿಗುತ್ತದೆ, ಎಡವುವುದೂ ಅಲ್ಲೇ. ರಣರಂಗ ಎಂದರೆ ಎರಡು ಸೇನೆ ಮುಖಾಮುಖಿಯಾಗುವ ಬಯಲು. ಯುದ್ಧದ ‘ಥಿಯೇಟರ್’ ಎಂದು ಪ್ರಷ್ಯಾದ ಯುದ್ಧಚಿಂತಕ ಕ್ಲಾಸೆವಿಟ್ಸ್ ಹೇಳುವುದು ಬೇರೆಯದು: ಯುದ್ಧ ಹರಡಿರುವ ಒಟ್ಟು ಪ್ರದೇಶದಲ್ಲಿ, ಗಡಿಗಳು ಭದ್ರವಾಗಿದ್ದು ಒಂದು ಬಗೆಯ ಸ್ವಾತಂತ್ರ್ಯ ಇರುವ ಭಾಗ. ಎರಡನೇ ಮಹಾಯುದ್ಧದ ಪೆಸಿಫಿಕ್ ಥಿಯೇಟರ್‌ನಲ್ಲಿ ಸಾವಿರಾರು ಮೈಲಿ ಸಮುದ್ರವಿದೆ, ಹತ್ತಾರು ರಣರಂಗಗಳಿವೆ. ಎರಡಕ್ಕೂ ಒಂದೇ ಪದ ಹಾಕಿದರೆ ‘ಈ ರಣರಂಗದ ಮೂರು ರಣರಂಗಗಳಲ್ಲಿ’ ಎಂಬಂಥ ವಾಕ್ಯ ಹುಟ್ಟುತ್ತದೆ. ನಾನು ‘ಸಮರವಲಯ’ ಬಳಸುತ್ತೇನೆ. ‘ಯುದ್ಧವಲಯ’ ಆಗದು, ಪತ್ರಿಕೆಗಳಲ್ಲಿ ಅದಕ್ಕೆ ಗುಂಡು ಹಾರುತ್ತಿರುವ ಅಪಾಯದ ಜಾಗ ಎಂಬ ಅರ್ಥ ಗಟ್ಟಿಯಾಗಿದೆ. ಭಾರತದ ಸೇನಾ ಸುಧಾರಣೆಯ ಸುದ್ದಿಯಲ್ಲಿ ಮಾತ್ರ ‘ಥಿಯೇಟರ್ ಕಮಾಂಡ್’ ಎಂದೇ ಬಿಡುತ್ತೇನೆ. 2001ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಮೂರೂ ಪಡೆಗಳನ್ನು ಸೇರಿಸಿ ಶುರುವಾದ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್ ಅಂಥದ್ದರಲ್ಲಿ ಮೊದಲನೆಯದು.

ಇನ್ನು ‘ನಾಟಕ’. ಕನ್ನಡದಲ್ಲಿ ಈ ಪದಕ್ಕೆ ಒಂದು ಏಟು ಸೇರಿಕೊಂಡಿದೆ. ‘ನಾಟಕ ಆಡಬೇಡ’ ಅಂದರೆ ಬೈಗುಳ. ಹಂಗಿಸುವಾಗ ಇದಕ್ಕಿಂತ ಒಳ್ಳೆಯ ಪದವಿಲ್ಲ: ರಕ್ಷಣೆ ಹೆಚ್ಚಿಸದೆ ರಕ್ಷಣೆಯ ಭಾವನೆಯನ್ನಷ್ಟೇ ಕೊಡುವ ತಪಾಸಣೆಗಳಿಗೆ ಭದ್ರತಾ ತಜ್ಞ ಬ್ರೂಸ್ ಶ್ನಯರ್ ಕೊಟ್ಟ ‘ಸೆಕ್ಯುರಿಟಿ ಥಿಯೇಟರ್’ ಎಂಬ ಹೆಸರನ್ನು ‘ಭದ್ರತಾ ನಾಟಕ’ ಎಂದರೆ ಒಂದು ಕೂದಲೂ ಕೊಂಕುವುದಿಲ್ಲ. ಅದೇ ಪದವನ್ನು ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್‌ರ ‘ಥಿಯೇಟರ್ ಸ್ಟೇಟ್’ ಮೇಲೆ ಹಾಕಿದರೆ ಪುಸ್ತಕವೇ ತಲೆಕೆಳಗಾಗುತ್ತದೆ. 19ನೇ ಶತಮಾನದ ಬಾಲಿ ದ್ವೀಪದ ಬಗ್ಗೆ ಅವರು 1980ರಲ್ಲಿ ಮಂಡಿಸಿದ ವಾದ: ಅಲ್ಲಿ ಮೆರವಣಿಗೆ, ಶವಸಂಸ್ಕಾರದ ವೈಭವ, ಅರಮನೆಯ ವಿಧಿಗಳು ಅಧಿಕಾರ ಉಳಿಸಿಕೊಳ್ಳಲು ಹೂಡಿದ ತಂತ್ರವಲ್ಲ, ಅಧಿಕಾರ ಇದ್ದದ್ದೇ ಅವುಗಳಿಗಾಗಿ. ‘ನಾಟಕ ರಾಜ್ಯ’ ಎಂದು ಬರೆದ ಕ್ಷಣ ಕನ್ನಡದವರು ‘ಓಹೋ, ಮೋಸದ ಸರ್ಕಾರ’ ಎಂದು ಓದುತ್ತಾರೆ, ಅಂದರೆ ಲೇಖಕರು ಅಲ್ಲಗಳೆಯುವ ಅರ್ಥವನ್ನೇ. ‘ರಂಗರಾಜ್ಯ’ ರಾಮರಾಜ್ಯದ ತಮ್ಮನಂತೆ ಕೇಳಿಸುತ್ತದೆ. ‘ರಂಗಪ್ರಭುತ್ವ’ ಸ್ವಲ್ಪ ಒರಟು, ಆದರೆ ಕೆಲಸಕ್ಕೆ ಬರುತ್ತದೆ. ಜೊತೆಗೆ ಆ ಪುಸ್ತಕದ ಹೆಸರಾದ ‘ನೆಗಾರ’ವನ್ನು ‘ನಗರ’ ಎಂದು ತಿದ್ದಬಾರದು. ಸಂಸ್ಕೃತದ ಅದೇ ಪದ ಅಲ್ಲಿ ಊರು, ಅರಮನೆ, ರಾಜ್ಯ ಎಲ್ಲವನ್ನೂ ಹೊತ್ತಿದೆ.

ನನಗೆ ಹೆಚ್ಚು ಕಾಲ ಹಿಡಿಯುವುದು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್‌ರ ಜೋಡಿಪದ. ದಿನನಿತ್ಯದ ಬದುಕಿನಲ್ಲಿ ಜನ ಇತರರೆದುರು ಒಂದು ರೀತಿ, ಮರೆಯಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುವುದನ್ನು ಅವರು ರಂಗದ ಮುಂದು, ಹಿಂದು ಎಂದು ವಿಂಗಡಿಸಿದರು. ಶೆಟ್‌ಲ್ಯಾಂಡ್ ದ್ವೀಪದ ಹೋಟೆಲೊಂದರ ಊಟದ ಹಾಲ್ ಮತ್ತು ಅಡುಗೆಮನೆ ಅವರ ಉದಾಹರಣೆಗಳಲ್ಲೊಂದು. ಹಿಂದಿನ ಭಾಗಕ್ಕೆ ಏನೆನ್ನುವುದು? ‘ನೇಪಥ್ಯ’ ಶಾಸ್ತ್ರಶುದ್ಧ, ಆದರೆ ಕನ್ನಡದಲ್ಲಿ ನೇಪಥ್ಯಕ್ಕೆ ಸರಿದವರು ಹಳೇ ರಾಜಕಾರಣಿಗಳು. ‘ತೆರೆಮರೆ’ಯಲ್ಲಿ ನಡೆಯುವುದು ಪಿತೂರಿ. ‘ಹಿನ್ನೆಲೆ’ಯಲ್ಲಿ ಗಾಯಕರಿದ್ದಾರೆ. ‘ರಂಗದ ಹಿಂಭಾಗ’ ಎಂದರೆ ನಾಟಕದವರಿಗೆ ಪ್ರೇಕ್ಷಕರಿಗೆ ಕಾಣುವ, ಆದರೆ ದೂರವಿರುವ ರಂಗದ ತುದಿ. ‘ಹಿಮ್ಮೇಳ’ವೂ ಹೊಂದದು, ಭಾಗವತರು, ಮದ್ದಲೆ, ಚೆಂಡೆ ಎಲ್ಲರಿಗೂ ಕಾಣುತ್ತಲೇ ಕೂತಿರುತ್ತಾರೆ. ಉಳಿಯುವುದು ಯಕ್ಷಗಾನದ ‘ಚೌಕಿ’: ಬಣ್ಣ ಹಚ್ಚಿಕೊಳ್ಳುವ, ಗಣಪತಿಗೆ ಪೂಜೆ ಮಾಡುವ, ಅರ್ಧ ವೇಷದಲ್ಲಿ ಚಹಾ ಕುಡಿಯುವ ಜಾಗ. ಅಲ್ಲಿ ಮೋಸವೂ ಇಲ್ಲ, ನಿವೃತ್ತಿಯೂ ಇಲ್ಲ; ಬೇರೆ ಬಗೆಯ ನಡವಳಿಕೆ ಇದೆ. ಗಾಫ್‌ಮನ್‌ರಿಗೆ ಬೇಕಾದದ್ದೂ ಅದೇ. ‘ರಂಗಸ್ಥಳ’ ಮತ್ತು ‘ಚೌಕಿ’ ಎಂಬ ಜೋಡಿಯನ್ನು ಇಡುತ್ತೇನೆ. ಕರಾವಳಿ, ಮಲೆನಾಡು ಬಿಟ್ಟರೆ ಚೌಕಿ ಎಂದಾಗ ಪೊಲೀಸರು ನೆನಪಾಗುವ ಊರುಗಳಿವೆ, ಹಾಗಾಗಿ ಮೊದಲ ಬಳಕೆಯಲ್ಲಿ ಒಂದು ವಾಕ್ಯದ ವಿವರಣೆ ಕಡ್ಡಾಯ.

ತತ್ತ್ವಶಾಸ್ತ್ರದಲ್ಲಿ ಕಟ್ಟಡ ಇದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಯೇ ಇಡೀ ವಾದವಾಗುವುದುಂಟು. ಡೇವಿಡ್ ಹ್ಯೂಮ್ ಮನಸ್ಸನ್ನು ಒಂದು ಬಗೆಯ ಥಿಯೇಟರ್ ಎಂದು ಕರೆದು, ಒಡನೆಯೇ ಈ ಹೋಲಿಕೆ ದಾರಿ ತಪ್ಪಿಸದಿರಲಿ ಎಂದು ಎಚ್ಚರಿಸುತ್ತಾನೆ: ಒಂದರ ಹಿಂದೆ ಒಂದು ಬಂದುಹೋಗುವ ಅನುಭವಗಳಷ್ಟೇ ಇವೆ, ಅವು ನಡೆಯುವ ಜಾಗದ ಕಲ್ಪನೆಯೂ ನಮಗಿಲ್ಲ. ಇಲ್ಲಿ ‘ರಂಗಮಂದಿರ’ ಎಂದರೆ ಗೋಡೆ ಎದ್ದುಬಿಡುತ್ತದೆ. ಬರೀ ‘ರಂಗ’ ಸಾಕು. ಡೇನಿಯಲ್ ಡೆನೆಟ್ 1991ರಲ್ಲಿ ಗೇಲಿ ಮಾಡುವ ‘ಕಾರ್ಟೀಸಿಯನ್ ಥಿಯೇಟರ್’ (ತತ್ತ್ವಜ್ಞಾನಿ ಡೇಕಾರ್ಟ್ ಹೆಸರಿನದು) ಇದರ ಉಲ್ಟಾ. ಮಿದುಳಿನೊಳಗೆ ಪರದೆ ಇದೆ, ಅದನ್ನು ಕೂತು ನೋಡುವವರೊಬ್ಬರಿದ್ದಾರೆ ಎಂಬ ನಂಬಿಕೆಯೇ ಅವರ ಗುರಿ. ಅಲ್ಲಿ ಗೋಡೆ, ಕುರ್ಚಿ, ಪ್ರೇಕ್ಷಕ ಮೂರೂ ಬೇಕು: ‘ಡೇಕಾರ್ಟ್‌ನ ರಂಗಮಂದಿರ’. ‘ಅಂತರಂಗ’ ಎಂದು ಶ್ಲೇಷೆ ಮಾಡುವ ಚಪಲ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಅಂತರಂಗದಲ್ಲಿ ರಂಗ ಇಲ್ಲ. ಅದು ಅಂತರ್ ಮತ್ತು ಅಂಗ. ಬಹಿರಂಗ, ಚದುರಂಗಗಳೂ ಅಷ್ಟೇ.

ಹಳೆಯ ಗ್ರಂಥಶೀರ್ಷಿಕೆಗಳದು ಇನ್ನೊಂದು ಬಗೆ. ನಕ್ಷೆಕಾರ ಆರ್ಟೀಲಿಯಸ್ 1570ರಲ್ಲಿ ಆಂಟ್‌ವರ್ಪ್‌ನಲ್ಲಿ ಹೊರತಂದ, 53 ನಕ್ಷೆಹಾಳೆಗಳ ಮೊದಲ ಆಧುನಿಕ ಅಟ್ಲಾಸ್‌ನ ಲ್ಯಾಟಿನ್ ಹೆಸರಿನಲ್ಲಿ ‘ಥಿಯಾಟ್ರಮ್’ ಇದೆ. ನಟರಿಲ್ಲ, ವೇಷವಿಲ್ಲ, ನೋಟ ಮಾತ್ರ ಇದೆ. ‘ಭೂಮಂಡಲ ದರ್ಶನ’ ಎಂದರೆ ಲಕ್ಷಣವಾಗಿ ಕೂರುತ್ತದೆ. ‘ಥಿಯರಿ’ ಎಂಬ ಪದವೂ ನೋಡುವ ಅದೇ ಗ್ರೀಕ್ ಬೇರಿನದು. ನಮ್ಮಲ್ಲೂ ದರ್ಶನ ಎಂದರೆ ನೋಟವೂ ಹೌದು, ತತ್ತ್ವವೂ ಹೌದು. ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ಪಟ್ಟಿಮಾಡಿದ ನಾಲ್ಕು ‘ವಿಗ್ರಹ’ಗಳಲ್ಲಿ, ಅಂದರೆ ಮನಸ್ಸನ್ನು ದಾರಿ ತಪ್ಪಿಸುವ ಭ್ರಮೆಗಳಲ್ಲಿ, ಕೊನೆಯದು ಥಿಯೇಟರ್‌ನದು. ‘ರಂಗಭೂಮಿಯ ವಿಗ್ರಹಗಳು’ ಎಂದರೆ ಕಲಾಕ್ಷೇತ್ರದ ಮುಂದಿನ ಪ್ರತಿಮೆಗಳು ಅನ್ನಿಸೀತು, ‘ರಂಗಭ್ರಮೆ’ ಸಾಕು. ಪರಿಸರವಿಜ್ಞಾನಿ ಹಚಿನ್‌ಸನ್ ಪರಿಸರವನ್ನು ಥಿಯೇಟರ್ ಎಂದೂ ವಿಕಾಸವನ್ನು ಅಲ್ಲಿ ನಡೆಯುವ ನಾಟಕ ಎಂದೂ ಜೋಡಿಸಿದ್ದಾರೆ. ‘ಆಟ’ ಎನ್ನಬಹುದಿತ್ತು, ಆದರೆ ವಿಕಾಸವಾದದಲ್ಲಿ ಆಟದ ಸಿದ್ಧಾಂತ ಬೇರೆಯೇ ಇರುವುದರಿಂದ ಅಲ್ಲಿ ನಾಟಕವೇ ಸರಿ.

ಪದ ಗೊತ್ತಾದ ಮೇಲೂ ಕಡತ ಕೆಡುವ ದಾರಿಗಳಿವೆ. ‘ರಂಗ’ವನ್ನು ‘ವಲಯ’ಕ್ಕೆ ಬದಲಿಸಲು ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆಜ್ಞೆ ಕೊಟ್ಟರೆ ‘ತರಂಗ’ ಹೋಗಿ ‘ತವಲಯ’, ‘ಸುರಂಗ’ ಹೋಗಿ ‘ಸುವಲಯ’ ಆಗುತ್ತದೆ. ಸೇನಾ ಬರಹದಲ್ಲಿ ಸುರಂಗಗಳಿಗೆ ಬರವಿಲ್ಲ. ಒಂದೊಂದಾಗಿ ನೋಡಿಯೇ ಬದಲಿಸಬೇಕು. ಇನ್ನೊಂದು ‘ಥಿಯೇಟರ್‌ನಲ್ಲಿ’ ಎಂಬ ರೂಪ. ‘ರ್’ ಮತ್ತು ‘ನ’ ಒತ್ತಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರಭೇದಕ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಟೈಪಿಸಿದ್ದರೆ ಒಂದು ರೂಪ ಹುಡುಕಿದಾಗ ಇನ್ನೊಂದು ಸಿಗದೇ ಹೋಗಬಹುದು. ಥಿಯೇಟರಿನಲ್ಲಿ, ಥೇಟರು, ಥಿಯೇಟರು ಎಂಬ ರೂಪಗಳೂ ಇರುತ್ತವೆ. ‘ಥಿಯೇಟ’, ‘ಥೇಟ’ ಎಂದು ಮೊದಲ ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕುವುದು ಸುರಕ್ಷಿತ.

ಪದಸೂಚಿಯನ್ನು ಕೊನೆಗೆ ಬಿಡದೆ ಆ ಹಾಳೆಯಿಂದಲೇ ತೆಗೆಯುತ್ತೇನೆ. ‘ಥಿಯೇಟರ್’ ಎಂಬ ಒಂದು ನಮೂದು, ಎದುರಿಗೆ ಪುಟಸಂಖ್ಯೆ ಇಲ್ಲ. ಅದರ ಕೆಳಗೆ ‘ಚೌಕಿ, ದರ್ಶನ, ನಾಟಕ, ಪ್ರೇಕ್ಷಾಗೃಹ, ರಂಗ, ರಂಗಪ್ರಭುತ್ವ, ರಂಗಭ್ರಮೆ, ರಂಗಮಂದಿರ, ಸಮರವಲಯ ನೋಡಿ’ ಎಂದಿರುತ್ತದೆ; ಪುಟಗಳು ಆಯಾ ಪದದ ಎದುರು.