ಮಿನಿಮ್ಯಾಪ್ ಆಫ್ ಮಾಡಿ ಆಡಿದ ರೆಡ್ ಡೆಡ್ ರಿಡೆಂಪ್ಷನ್ 2

ಅಮೆರಿಕದ ಕೌಬಾಯ್ ಕಾಲದ ವಿಡಿಯೊ ಗೇಮ್ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಮಿನಿಮ್ಯಾಪ್, ಅಂದರೆ ಪರದೆಯ ಮೂಲೆಯ ಪುಟ್ಟ ನಕ್ಷೆ, ತೆಗೆಯೋದಕ್ಕೆ ಮೆನುವಿನೊಳಗೆ ಹುಡುಕಾಡಬೇಕಾಗಿಲ್ಲ. ಕಂಟ್ರೋಲರ್‌ನ ಡಿ-ಪ್ಯಾಡ್‌ನಲ್ಲಿ ಕೆಳಗಿನ ಬಟನ್ ಒತ್ತಿ ಹಿಡಿದರೆ ಸಾಕು. ಮ್ಯಾಪ್ ಬೇಕಾ, ಬರೀ ದಿಕ್ಸೂಚಿ ಬೇಕಾ, ಏನೂ ಬೇಡವಾ ಅಂತ ಕೇಳುತ್ತದೆ. ಎರಡನೇ ಅಧ್ಯಾಯದಲ್ಲಿ ನಮ್ಮ ಡಕಾಯಿತರ ಗ್ಯಾಂಗ್ ಹಿಮದಿಂದ ಇಳಿದು ಹಾರ್ಸ್‌ಶೂ ಓವರ್‌ಲುಕ್‌ನಲ್ಲಿ ಬೀಡುಬಿಟ್ಟ ಮೇಲೆ ನಾನು 'ಏನೂ ಬೇಡ' ಅಂತ ಇಟ್ಟೆ. ಈ ಗೇಮ್‌ನಲ್ಲಿ ಏನು ಅದ್ಭುತ, ಏನು ಕಿರಿಕಿರಿ ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಆಮೇಲೆಯೇ.

ಮೂಲೆಯಲ್ಲಿ ಮ್ಯಾಪ್ ಇದ್ದರೆ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಕೆಂಪು ಗೆರೆ ಹಿಡಿದು ಕುದುರೆ ಓಡಿಸುತ್ತೇವೆ, ಅಕ್ಕಪಕ್ಕ ಏನಿತ್ತು ಅಂತ ಗೊತ್ತೇ ಆಗಿರುವುದಿಲ್ಲ. ಮ್ಯಾಪ್ ಹೋದ ಮೇಲೆ ರೈಲು ಹಳಿ, ನದಿ, ಕೈಮರ, ಬೆಟ್ಟದ ತುದಿ ಇವುಗಳನ್ನೇ ನಂಬಬೇಕು. ಸ್ವಲ್ಪ ದಿನದಲ್ಲೇ ವ್ಯಾಲೆಂಟೈನ್‌ನಿಂದ ಎಮರಾಲ್ಡ್ ರಾಂಚ್‌ಗೆ ಯಾವ ದಾರಿ, ಡಕೋಟಾ ನದಿ ಎಲ್ಲಿ ದಾಟಿದರೆ ಕುದುರೆ ಮುಳುಗುವುದಿಲ್ಲ ಅನ್ನುವುದೆಲ್ಲ ಊರ ದಾರಿಯ ಹಾಗೆ ತಲೆಯಲ್ಲಿ ಕೂತುಬಿಟ್ಟಿತು. ಸವಾರಿಯಿಲ್ಲದೆ ನೇರ ದೂರದ ಊರು ತಲುಪಿಸುವ ಫಾಸ್ಟ್ ಟ್ರಾವೆಲ್ ಕೂಡ ಮುಟ್ಟಲಿಲ್ಲ. ಕ್ಯಾಂಪಿನ ಲೆಡ್ಜರ್‌ನಲ್ಲಿ ಮೊದಲು ಗ್ಯಾಂಗ್‌ನ ನಾಯಕ ಡಚ್‌ನ ಡೇರೆ, ಆಮೇಲೆ ನಾವು ಆಡುವ ಆರ್ಥರ್‌ನ ಬಿಡಾರ ಸುಧಾರಿಸಿದರೆ ಫಾಸ್ಟ್ ಟ್ರಾವೆಲ್ ಮ್ಯಾಪ್ ಸಿಗುತ್ತದೆ. ನಾನು ಆ ದುಡ್ಡನ್ನು ಕ್ಯಾಂಪಿನ ಅಡುಗೆಯವ ಪಿಯರ್ಸನ್‌ನ ಚರ್ಮದ ಕೆಲಸದ ಸಲಕರಣೆಗೆ ಹಾಕಿದೆ. ದೂರ ಹೋಗಬೇಕಾದರೆ ರೈಲಿದೆ, ಬಾಡಿಗೆಯ ಸ್ಟೇಜ್‌ಕೋಚ್ ಇದೆ.

2010ರಲ್ಲಿ ಬಂದ ಮೊದಲ ಗೇಮ್‌ನ ಕಥೆ ನಡೆಯುವುದು 1911ರಲ್ಲಿ, ಜಾನ್ ಮಾರ್ಸ್ಟನ್ ಅದರ ನಾಯಕ. 2018ರ ಅಕ್ಟೋಬರ್ 26ರಂದು ಬಂದ ಈ ಎರಡನೆಯದು 1899ಕ್ಕೆ, ಅಂದರೆ ಹಿಂದಕ್ಕೆ ಹೋಗುತ್ತದೆ. ಜಾನ್ ಇನ್ನೂ ಗ್ಯಾಂಗ್‌ನಲ್ಲಿದ್ದಾನೆ, ನಾವು ಆಡುವುದು ಡಚ್ ವ್ಯಾನ್ ಡೆರ್ ಲಿಂಡ್‌ನ ಬಲಗೈ ಬಂಟ ಆರ್ಥರ್ ಮಾರ್ಗನ್ ಆಗಿ. ಗ್ಯಾಂಗ್ ಒಡೆಯುತ್ತದೆ, ಜಾನ್ ಬದುಕುತ್ತಾನೆ ಅನ್ನುವುದು ಹಳೆಯ ಗೇಮ್ ಆಡಿದವರಿಗೆ ಮೊದಲೇ ಗೊತ್ತು. ಆದರೆ ಆ ಗೇಮ್‌ನಲ್ಲಿ ಆರ್ಥರ್ ಅನ್ನುವ ಹೆಸರೇ ಬರುವುದಿಲ್ಲ. ಅವನು ಏನಾದ ಅನ್ನುವ ಒಂದೇ ಪ್ರಶ್ನೆ ಇಷ್ಟು ದೊಡ್ಡ ಕಥೆಯನ್ನು ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ಮುಂದೆ ಕಥೆಯ ಮುಖ್ಯ ತಿರುವುಗಳನ್ನು ಹೇಳಲಿದ್ದೇನೆ. ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸಿ, ಆಡಿ ಬಂದು ಓದಿ.

ಬೇಟೆಯಿಂದ ಶುರು ಮಾಡುತ್ತೇನೆ, ಈ ಗೇಮ್‌ನ ಗುಣ ಅಷ್ಟೂ ಅದರಲ್ಲಿದೆ. ಬಿಳಿಬಾಲದ ಜಿಂಕೆ ಬೇಕು ಅನ್ನಿ. ಕುದುರೆಯನ್ನು ದೂರದಲ್ಲೇ ಬಿಟ್ಟು, ಬೈನಾಕ್ಯುಲರ್ ತೆಗೆದು ನೋಡಿದರೆ ಜಿಂಕೆಯ ದರ್ಜೆ ನಕ್ಷತ್ರಗಳಲ್ಲಿ ಕಾಣುತ್ತದೆ. ಮೂರು ನಕ್ಷತ್ರ ಇದ್ದದ್ದಕ್ಕೆ ಮಾತ್ರ ಪರಿಪೂರ್ಣ ಚರ್ಮ. ಬಗ್ಗಿ, ಮರದಿಂದ ಮರಕ್ಕೆ ಹತ್ತಿರ ಹೋಗಿ, ಬಿಲ್ಲು ಎಳೆದು ಹಿಡಿದಾಗ ಆರ್ಥರ್ ಸಣ್ಣಗೆ ಸದ್ದು ಮಾಡುವಂತೆ ಬಟನ್ ಒತ್ತಬಹುದು. ಜಿಂಕೆ ತಲೆ ಎತ್ತಿ ಇತ್ತ ನೋಡುತ್ತದೆ. ಆಗ ಬಾಣ ಬಿಡಬೇಕು. ಗುರಿ ಸ್ವಲ್ಪ ತಪ್ಪಿದರೂ ಅದು ಅರಚಿಕೊಂಡು ಓಡುತ್ತದೆ, ರಕ್ತದ ಜಾಡು ಹಿಡಿದು ಹಿಂದೆ ಹೋಗಿ ಮುಗಿಸಬೇಕು. ಆಮೇಲೆ ಚರ್ಮ ಸುಲಿಯುವುದನ್ನು ಗೇಮ್ ಪೂರ್ತಿ ತೋರಿಸುತ್ತದೆ, ಚಾಕು ಹಾಕಿ ಎಳೆಯುವ ಸದ್ದಿನ ಸಮೇತ. ಕೋಟಿಗೆ ರಕ್ತ ಮೆತ್ತಿಕೊಳ್ಳುತ್ತದೆ. ಚರ್ಮವನ್ನು ಸುರುಳಿ ಮಾಡಿ ಹೆಗಲಿಗೆ ಹಾಕಿಕೊಂಡು ಹೋಗಿ ಕುದುರೆಯ ಬೆನ್ನಿನ ಮೇಲೆ ಹೊರಿಸಬೇಕು. ಅಲ್ಲೇ ಬಿಟ್ಟ ಕಳೇಬರ ಕೊಳೆಯುತ್ತಾ ಬರುತ್ತದೆ, ರಣಹದ್ದು ಇಳಿಯುತ್ತವೆ.

ಬೇರೆ ಯಾವ ಗೇಮ್‌ನಲ್ಲಾದರೂ ಇದು ಒಂದು ಬಟನ್, ಒಂದು ಸೆಕೆಂಡ್. ಇಲ್ಲಿ ಹೊತ್ತು ಹಿಡಿಯುತ್ತದೆ, ಹಿಡಿಯುವುದರಿಂದಲೇ ಒಂದು ಪ್ರಾಣಿಯನ್ನು ಕೊಂದಿದ್ದೇನೆ ಅನ್ನುವುದು ನೆನಪಿರುತ್ತದೆ. ಬೇಟೆ ಹೆಚ್ಚು ಆಡಿದ ಮೇಲೆ ಬೇಕಾಗದ ಪ್ರಾಣಿಗೆ ಗುಂಡು ಹೊಡೆಯೋದನ್ನು ನಾನು ಪೂರ್ತಿ ಬಿಟ್ಟೆ. ಗೇಮ್ ಹಾಗೆ ಮಾಡು ಅಂತ ಎಲ್ಲೂ ಹೇಳುವುದಿಲ್ಲ.

ಆರ್ಥರ್‌ನ ಡೈರಿಯ ಬಗ್ಗೆ ಜನ ಸಾಕಷ್ಟು ಮಾತಾಡುವುದಿಲ್ಲ ಅಂತ ನನಗೆ ಬೇಸರ. ಹೊಸ ಜಾಗ, ಹೊಸ ಪ್ರಾಣಿ, ವಿಚಿತ್ರ ಮನುಷ್ಯ ಸಿಕ್ಕಿದಾಗ ಅವನು ಕೂತು ಪೆನ್ಸಿಲ್‌ನಲ್ಲಿ ಚಿತ್ರ ಬರೆಯುತ್ತಾನೆ, ಪಕ್ಕದಲ್ಲಿ ನಾಲ್ಕು ಸಾಲು. ಬಾಯಲ್ಲಿ ಒರಟಾಗಿ ಮಾತಾಡುವ ಈ ಮನುಷ್ಯ ಪುಟದ ಮೇಲೆ ಎಷ್ಟು ಸೂಕ್ಷ್ಮ ಅಂತ ಓದಿದವರಿಗೇ ಗೊತ್ತು. ಕಥೆ 1907ರ ಉಪಸಂಹಾರಕ್ಕೆ ಬಂದಾಗ ಅದೇ ಡೈರಿ ಜಾನ್‌ನ ಕೈಯಲ್ಲಿರುತ್ತದೆ. ಜಾನ್‌ನ ಗೆರೆ ದಪ್ಪ, ಚಿತ್ರ ಸೊಟ್ಟ. ಒಬ್ಬನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ ಅಂತ ಹೇಳೋದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಯಾವ ಗೇಮ್‌ನಲ್ಲೂ ಕಂಡಿಲ್ಲ.

ಇಷ್ಟೆಲ್ಲ ನಂಬಿಕೆಯಿಂದ ಲೋಕ ಕಟ್ಟಿದವರು ಮಿಷನ್ ವಿಷಯಕ್ಕೆ ಬಂದಾಗ ಆಡುವವರನ್ನು ನಂಬುವುದೇ ಇಲ್ಲ. ಹಳದಿ ಗುರುತಿಗೆ ಹೋಗು, ಇವನ ಹಿಂದೆ ಬಾ, ಇಲ್ಲಿ ಅಡಗು, ಈಗ ಶೂಟ್ ಮಾಡು. ಶತ್ರುಗಳು ಕೆಳಗೆ ಕಣಿವೆಯಲ್ಲಿದ್ದಾರೆ, ಪಕ್ಕದ ಗುಡ್ಡ ಹತ್ತಿ ಹಿಂದಿನಿಂದ ಇಳಿಯೋಣ ಅಂತ ನಾಲ್ಕು ಹೆಜ್ಜೆ ಆಚೆ ಹೋದರೆ, ಜೊತೆಗಾರನನ್ನು ಬಿಟ್ಟು ಹೋದಿರಿ ಅಂತ ಮಿಷನ್ ಫೇಲ್. ಈಗಷ್ಟೇ ದಿಕ್ಸೂಚಿಯೂ ಇಲ್ಲದೆ ಗೇಮ್‌ನ ಇಡೀ ನ್ಯೂ ಹ್ಯಾನೋವರ್ ಪ್ರಾಂತ್ಯ ಸುತ್ತಿ ಬಂದವರಿಗೆ ಇದು ಸಹಿಸೋದಕ್ಕೆ ಆಗುವುದಿಲ್ಲ. ಮಿನಿಮ್ಯಾಪ್ ಇಲ್ಲದೆ ಆಡುವವರಿಗಂತೂ ಇನ್ನೂ ಕಷ್ಟ. ಎಲ್ಲಿ ನಿಲ್ಲಬೇಕು ಅಂತ ಮಿಷನ್‌ಗಳು ಮ್ಯಾಪಿನ ಮೂಲಕವೇ ಹೇಳುವುದರಿಂದ, ಮಿಷನ್ ಶುರುವಾದಾಗ ಮ್ಯಾಪ್ ಆನ್, ಮುಗಿದಾಗ ಆಫ್ ಅಂತ ಅಭ್ಯಾಸ ಮಾಡಿಕೊಂಡೆ.

ಗುಂಡಿನ ಕಾಳಗಗಳು ಇದೇ ರೋಗದ ಇನ್ನೊಂದು ಲಕ್ಷಣ. ಊರಿನಲ್ಲಿ ಒಬ್ಬನನ್ನು ಕೊಂದರೆ ಯಾರೋ ನೋಡುತ್ತಾರೆ, ಓಡಿ ಹೋಗಿ ದೂರು ಕೊಡುತ್ತಾರೆ, ತಲೆಗೆ ಬೆಲೆ ಬೀಳುತ್ತದೆ, ಒಳ್ಳೆಯ-ಕೆಟ್ಟ ನಡತೆಯ ಲೆಕ್ಕವಾದ ಹಾನರ್ ಇಳಿಯುತ್ತದೆ. ಮಿಷನ್ ಒಳಗೆ ಅದೇ ಆರ್ಥರ್ ಹತ್ತಾರು ಜನರನ್ನು ಸಾಲಾಗಿ ಉರುಳಿಸುತ್ತಾನೆ, ಗೇಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಡ್ ಐನಲ್ಲಿ ಕಾಲ ನಿಧಾನವಾಗಿ ಗುರಿ ಹಾಕುವುದು ಮೊದಲಿಗೆ ಖುಷಿ ಕೊಡುತ್ತದೆ. ಆರನೇ ಅಧ್ಯಾಯದ ಹೊತ್ತಿಗೆ ಮತ್ತೊಂದು ಕಾಳಗ ಅಂದರೆ ದಣಿವಾಗುತ್ತದೆ.

ಕೈಯಲ್ಲಿ ಬಂದೂಕಿಲ್ಲದ ಮಿಷನ್‌ಗಳೇ ನನ್ನ ಮಟ್ಟಿಗೆ ಶ್ರೇಷ್ಠ. ಜಾನ್‌ನ ಮಗ ಪುಟ್ಟ ಜ್ಯಾಕ್‌ನನ್ನು ನದಿಗೆ ಕರೆದುಕೊಂಡು ಹೋಗಿ ಮೀನು ಹಿಡಿಯೋದು ಕಲಿಸುವ ಮಿಷನ್ ನೋಡಿ. ಆರ್ಥರ್ ಗಾಳ ಹಾಕುತ್ತಾನೆ, ಹುಡುಗನಿಗೆ ಮೀನು ಬೇಡ, ಅಮ್ಮನಿಗೆ ಹೂವಿನ ಹಾರ ಮಾಡುತ್ತಾ ಕೂರುತ್ತಾನೆ. ಅಷ್ಟರಲ್ಲಿ ಗ್ಯಾಂಗ್‌ನ ಬೆನ್ನು ಹತ್ತಿದ ಖಾಸಗಿ ಪತ್ತೇದಾರಿ ಸಂಸ್ಥೆ ಪಿಂಕರ್ಟನ್‌ನ ಏಜೆಂಟರು ಇಬ್ಬರು ನಡೆದು ಬರುತ್ತಾರೆ, ಮಿಲ್ಟನ್ ಮತ್ತು ರಾಸ್. ಹಳೆಯ ಗೇಮ್ ಆಡಿದವರಿಗೆ ರಾಸ್ ಯಾರು ಅಂತ ಗೊತ್ತು, ಈ ಹುಡುಗನ ಬದುಕನ್ನು ಮುಂದೆ ಅವನು ಏನು ಮಾಡುತ್ತಾನೆ ಅನ್ನುವುದೂ ಗೊತ್ತು. ಒಂದೇ ಒಂದು ಗುಂಡು ಹಾರುವುದಿಲ್ಲ. ನನಗೆ ಕೈ ಬೆವರಿತ್ತು.

ಕಥೆಯ ತಿರುಗಣಿ ಇರುವುದು ಸಾಲ ವಸೂಲಿಯಲ್ಲಿ. ಗ್ಯಾಂಗಿನ ಸ್ಟ್ರಾಸ್ ಬಡವರಿಗೆ ಮೀಟರ್ ಬಡ್ಡಿಗೆ ದುಡ್ಡು ಕೊಟ್ಟು, ವಸೂಲಿಗೆ ಆರ್ಥರ್‌ನನ್ನು ಕಳಿಸುತ್ತಾನೆ. ಥಾಮಸ್ ಡೌನ್ಸ್ ಅನ್ನುವ ಕಾಯಿಲೆ ರೈತನನ್ನು ಬೇಲಿಗೆ ಒತ್ತಿ ಹೊಡೆಯುವಾಗ ಅವನು ಆರ್ಥರ್‌ನ ಮುಖಕ್ಕೆ ಕೆಮ್ಮುತ್ತಾನೆ. ಅಷ್ಟೇ. ಎಷ್ಟೋ ಗಂಟೆಗಳ ನಂತರ ಆರನೇ ಅಧ್ಯಾಯದಲ್ಲಿ ಸೇಂಟ್ ಡೆನಿಸ್‌ನ ಬೀದಿಯಲ್ಲಿ ಆರ್ಥರ್ ಕುಸಿದಾಗ ಡಾಕ್ಟರ್ ಕ್ಷಯ ಅನ್ನುತ್ತಾರೆ. 1899ರಲ್ಲಿ ಅದಕ್ಕೆ ಔಷಧವಿಲ್ಲ. ಅಲ್ಲಿಂದ ಮುಂದೆ ಎಷ್ಟು ಉಣ್ಣಿಸಿದರೂ ಅವನ ಮೈಗೆ ತೂಕ ಹತ್ತುವುದಿಲ್ಲ, ಮುಖ ಬತ್ತುತ್ತಾ ಹೋಗುತ್ತದೆ. ರೋಜರ್ ಕ್ಲಾರ್ಕ್ ಅವರ ಧ್ವನಿಯಲ್ಲೂ ಆ ಸವೆತ ಕೇಳುತ್ತದೆ. ಆ ಪಾತ್ರಕ್ಕಾಗಿ 2018ರ ಗೇಮ್ ಅವಾರ್ಡ್ಸ್‌ನಲ್ಲಿ ಅವರಿಗೆ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ಹಾನರ್ ಚೆನ್ನಾಗಿ ಉಳಿಸಿಕೊಂಡವರಿಗೆ ರೈಲು ನಿಲ್ದಾಣದಲ್ಲಿ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಕಾಲ್ಡೆರಾನ್ ಜೊತೆ ಒಂದು ಮಾತುಕತೆ ಸಿಗುತ್ತದೆ, ಆರ್ಥರ್ ತನಗೆ ಭಯವಾಗುತ್ತಿದೆ ಅಂತ ಒಪ್ಪಿಕೊಳ್ಳುವುದು ಅಲ್ಲಿ. ಹಾನರ್ ಕಳೆದುಕೊಂಡವರಿಗೆ ಅದೇ ಜಾಗದಲ್ಲಿ ಗ್ಯಾಂಗಿನ ಪಾದ್ರಿ ರೆವರೆಂಡ್ ಸ್ವಾನ್ಸನ್ ಸಿಗುತ್ತಾನೆ.

ಡೌನ್ಸ್‌ನನ್ನು ಹೊಡೆಯದೆ ಮುಂದೆ ಹೋಗೋದಕ್ಕೆ ದಾರಿ ಇಲ್ಲ. ಇದನ್ನು ದೋಷ ಅನ್ನುವವರಿದ್ದಾರೆ, ಹಾನರ್ ಅಂತ ಮೀಟರ್ ಕೊಟ್ಟು ಆಯ್ಕೆ ಕೊಡದಿದ್ದರೆ ಹೇಗೆ ಅಂತ. ನಾನು ಒಪ್ಪುವುದಿಲ್ಲ. ಆರ್ಥರ್ ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು, ಅದರ ಫಲ ಅವನು ಉಣ್ಣಲೇಬೇಕು. ಆಯ್ಕೆ ಬರುವುದು ಕೊನೆಯ ಸಾಲಗಳಲ್ಲಿ, ಅಲ್ಲಿ ಮಾಫಿ ಮಾಡಬಹುದು, ನಾನು ಮಾಡಿದೆ.

ದುಡ್ಡಿನ ಲೆಕ್ಕ ಮಾತ್ರ ನಿಜವಾದ ದೋಷ. ಮೂರನೇ ಅಧ್ಯಾಯದೊಳಗೆ ನನ್ನ ಜೇಬಿನಲ್ಲಿ ಸಾವಿರಾರು ಡಾಲರ್. ಕ್ಯಾಂಪಿನ ಡಬ್ಬಿಗೂ ಹಾಕಿದ್ದೇನೆ. ಡಚ್ ಆದರೂ ದಿನಾ ದುಡ್ಡು ಬೇಕು, ಇನ್ನೊಂದೇ ದರೋಡೆ ಅನ್ನುತ್ತಾನೆ. ಡಚ್‌ನ ಹುಚ್ಚು ಇದು ಅಂತ ಸಮರ್ಥಿಸಬಹುದು, ಆದರೆ ಕ್ಯಾಂಪಿನ ಉಳಿದವರೂ ಹಸಿವಿನ ಮಾತಾಡುವಾಗ ಕಥೆಗೂ ಪೆಟ್ಟಿಗೆಗೂ ಸಂಬಂಧವಿಲ್ಲ ಅನ್ನಿಸುತ್ತದೆ.

ಗ್ವಾರ್ಮಾ ದ್ವೀಪದ ಐದನೇ ಅಧ್ಯಾಯ ಬರೀ ಓಟ ಮತ್ತು ಗುಂಡು. ಕುದುರೆಯಿಲ್ಲ, ಅಲೆದಾಟವಿಲ್ಲ, ಬಿಟ್ಟ ಮೇಲೆ ವಾಪಸ್ ಹೋಗೋದಕ್ಕೂ ಆಗುವುದಿಲ್ಲ. ವಾಪಸ್ ಬಂದು ಒಬ್ಬನೇ ಕುದುರೆ ಏರಿದಾಗ ಡಿ'ಏಂಜೆಲೊ ಹಾಡುವ ಹಾಡು ಕೇಳಿಸುತ್ತದೆ, ಆ ಒಂದು ಸವಾರಿಗಾಗಿ ಅಧ್ಯಾಯವನ್ನು ಕ್ಷಮಿಸಿದ್ದೇನೆ. ನ್ಯೂ ಆಸ್ಟಿನ್ ಇನ್ನೂ ದೊಡ್ಡ ನಷ್ಟ. ಮೊದಲ ಗೇಮ್‌ನ ಮರುಭೂಮಿಯನ್ನೆಲ್ಲ ಹೊಸದಾಗಿ ಕಟ್ಟಿದ್ದಾರೆ, ಆದರೆ ಕಥೆ ಶುರುವಾಗುವ ಮುಂಚೆ ಗ್ಯಾಂಗ್ ಬ್ಲ್ಯಾಕ್‌ವಾಟರ್ ಊರಿನಲ್ಲಿ ಮಾಡಿದ ದರೋಡೆಯಿಂದಾಗಿ ಆರ್ಥರ್ ಅತ್ತ ಕಾಲಿಡುವ ಹಾಗಿಲ್ಲ. ಉಪಸಂಹಾರದಲ್ಲಿ ಜಾನ್ ಆಗಿ ಹೋಗಬಹುದು, ಹೋದರೆ ಹೇಳಿಕೊಳ್ಳುವಂಥ ಕಥೆಯೇನೂ ಅಲ್ಲಿಲ್ಲ. ಮೊದಲ ಗೇಮ್‌ಗೆ ಸಿಕ್ಕಂತೆ ಹೆಚ್ಚುವರಿ ಕಥೆಯೂ ಇದಕ್ಕೆ ಬರಲಿಲ್ಲ. ಆನ್‌ಲೈನ್‌ಗೂ ದೊಡ್ಡ ಅಪ್‌ಡೇಟ್ ಇನ್ನು ಇಲ್ಲ ಅಂತ 2022ರ ಜುಲೈನಲ್ಲಿ ಘೋಷಿಸಿದರು. 7 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಗೇಮ್ ಇದು!

ಕಂಟ್ರೋಲ್ ಬಗ್ಗೆ ದೂರುಗಳೆಲ್ಲ ನ್ಯಾಯವಾದವು. ಬಂದೂಕು ಕೈಯಲ್ಲಿಲ್ಲದಾಗ ಎದುರಿನವನ ಜೊತೆ ಮಾತಾಡುವ ಬಟನ್ನೇ ಬಂದೂಕು ಇದ್ದಾಗ ಗುರಿ ಇಡುವ ಬಟನ್. ನಮಸ್ಕಾರ ಹೇಳೋದಕ್ಕೂ ಮೊದಲು ಕೈ ಖಾಲಿ ಇದೆಯಾ ಅಂತ ನೋಡಿಕೊಳ್ಳಬೇಕು. ಕುದುರೆಯಿಂದ ಇಳಿದಾಗ ಆರಿಸಿಟ್ಟ ರೈಫಲ್ ಜೀನಿನಲ್ಲೇ ಉಳಿದುಬಿಡುತ್ತದೆ, ಪ್ರತಿ ಸಲ ವೆಪನ್ ವೀಲ್ ತೆರೆಯಬೇಕು. ಆರ್ಥರ್ ತಿರುಗುವುದೇ ನಿಧಾನ. ನಾನು ಓಟವನ್ನು ಟಾಗಲ್‌ಗೆ ಇಟ್ಟು, ಸ್ಟಿಕ್‌ನ ಡೆಡ್ ಝೋನ್ (ಅಲ್ಲಾಡಿಸಿದರೂ ಲೆಕ್ಕಕ್ಕೆ ಬಾರದ ಅಂತರ) ತೀರ ಕಡಿಮೆ ಮಾಡಿದ ಮೇಲೆ ಆ ಭಾರ ಎಷ್ಟೋ ಇಳಿಯಿತು.

ಪಿಸಿಗೆ ಬಂದದ್ದು 2019ರ ನವೆಂಬರ್ 5ರಂದು. 150 ಜಿಬಿ ಜಾಗ ಕೇಳುತ್ತದೆ. ಶಿಫಾರಸು ಮಾಡಿದ್ದು ಜಿಟಿಎಕ್ಸ್ 1060 ಕಾರ್ಡ್ ಮತ್ತು 12 ಜಿಬಿ ರ‍್ಯಾಮ್, ನನ್ನದೂ ಸುಮಾರು ಆ ಮಟ್ಟದ ಯಂತ್ರವೇ. ಟೆಕ್ಸ್ಚರ್ ಅಲ್ಟ್ರಾದಲ್ಲೇ ಇರಲಿ, ಇಳಿಸಿದರೆ ನೆಲ, ಬಟ್ಟೆ ಎಲ್ಲ ಕೆಸರಾಗಿ ಕಾಣುತ್ತದೆ. ಅಂಚುಗಳನ್ನು ನುಣುಪಾಗಿಸುವ ಎಂಎಸ್‌ಎಎ ಆಫ್, ನೀರಿನ ಫಿಸಿಕ್ಸ್ ಅರ್ಧಕ್ಕೆ, ಮಂಜು-ಬೆಳಕಿನ ವಾಲ್ಯೂಮೆಟ್ರಿಕ್ಸ್ ಮೀಡಿಯಂ. ಇಷ್ಟು ಮಾಡಿದರೆ ಲೆಮೊಯ್ನ್‌ನ ಜೌಗಿನ ಮಂಜಿನಲ್ಲೂ ಆರಾಮವಾಗಿ ಓಡುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ವಲ್ಕನ್, ಡೈರೆಕ್ಟ್‌ಎಕ್ಸ್ 12 ಎರಡನ್ನೂ ಹಾಕಿ ನೋಡಿ, ನಿಮ್ಮ ಕಾರ್ಡ್‌ಗೆ ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಿ.

ಕೊನೆಗೆ ಬರುವ ಕ್ರೆಡಿಟ್ಸ್ ಸ್ಕಿಪ್ ಮಾಡಬೇಡಿ. ಗ್ಯಾಂಗಿನ ಉಳಿದವರು ಏನಾದರು ಅನ್ನುವುದು ಅದರ ಮಧ್ಯೆ ಬರುತ್ತದೆ. ಗೇಮ್ ತಯಾರಿಸಿದ ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಶಾಖೆ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೊದವರ ಪಾಲೂ ಈ ಗೇಮ್‌ನಲ್ಲಿದೆ. ಅದೇ ಊರಿನಲ್ಲಿ 1997ರಲ್ಲಿ ಶುರುವಾದ ಗೇಮ್ ಸ್ಟುಡಿಯೊ ಧ್ರುವ ಇಂಟರ್ಯಾಕ್ಟಿವ್ 2019ರಲ್ಲಿ ಅದರ ಜೊತೆ ಸೇರಿತು.

ಈಗ ಶುರು ಮಾಡುವವರು ಎರಡು, ಮೂರನೇ ಅಧ್ಯಾಯಗಳನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆಯಿರಿ. ಗ್ಯಾಂಗ್ ಪೂರ್ತಿ ಇರುವುದು ಆಗಲೇ. ಸಂಜೆ ಬೆಂಕಿಯ ಸುತ್ತ ಹಾಡು, ಬೆಳಿಗ್ಗೆ ಕಾಫಿ ಕುಡಿಯುತ್ತಾ ಜಗಳ, ಎಲ್ಲ ಆಗಲೇ. ಮೇರಿ-ಬೆತ್ ಪೆನ್ ಕೇಳುತ್ತಾಳೆ, ಮಾಲಿ ಕನ್ನಡಿ ಕೇಳುತ್ತಾಳೆ, ಡಚ್ ಪೈಪ್ ಕೇಳುತ್ತಾನೆ. ಕೇಳಿದ್ದನ್ನು ತಕ್ಷಣ ತಂದುಕೊಡಿ, ಮುಂದಿನ ಅಧ್ಯಾಯಗಳಲ್ಲಿ ಕೇಳಿದವರೇ ಇಲ್ಲದೆ ಹೋಗಬಹುದು. ಮೂರನೇ ಅಧ್ಯಾಯ ಮುಗಿಸುವ ಮುಂಚೆ ಬೇರೆಯದೇ ಒಂದು ಸೇವ್ ಮಾಡಿಟ್ಟುಕೊಳ್ಳಿ, ನಾಲ್ಕರಿಂದ ಮುಂದೆ ಕಥೆ ನಿಮ್ಮನ್ನು ನಿಲ್ಲೋದಕ್ಕೆ ಬಿಡುವುದಿಲ್ಲ.