ಗುಲಾಬಿ, ಕೋಟೆ ಮತ್ತು ಒಂದು ಪೈನ್ ಸ್ಟೂಲು

ಬರ್ಮಿಂಗ್‌ಹ್ಯಾಮ್‌ನ ಕಾಲುವೆ ದಂಡೆಯ ಮೇಲೆ ಓಡಾಡಿದವರೆಲ್ಲ ಈ ಚಿತ್ತಾರ ನೋಡಿರುತ್ತಾರೆ. ಉದ್ದನೆಯ ಕಿರಿದಾದ ದೋಣಿ, ಚಾವಣಿಯ ಮೇಲೊಂದು ನೀರಿನ ಕ್ಯಾನು, ಕ್ಯಾನಿನ ಸುತ್ತ ಕೆಂಪು, ಹಳದಿ, ಬಿಳಿ ಗುಲಾಬಿ. ಕ್ಯಾಬಿನ್ನಿನ ಬಾಗಿಲು ತೆರೆದಿದ್ದರೆ ಅದರ ಒಳಮೈಯಲ್ಲಿ ಕೆಂಪು ಚೂಪು ಗೋಪುರದ ಕೋಟೆ, ಕೆರೆ, ಸೇತುವೆ. ಇಲ್ಲಿಯವರು ಇದಕ್ಕೆ ‘ರೋಸಸ್ ಆ್ಯಂಡ್ ಕ್ಯಾಸಲ್ಸ್’ ಅನ್ನುತ್ತಾರೆ. ನಾನು ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡುವವನು, ಚಿತ್ರಕಾರನಲ್ಲ. ಹಳೇ ದೋಣಿಗಳಲ್ಲಿ ಇರುತ್ತಿದ್ದಂಥ ಒಂದು ಸ್ಟೂಲು ಮಾಡಿ ಅದಕ್ಕೆ ಇದೇ ಬಣ್ಣ ಹಾಕಬೇಕು ಅಂತ ಹೊರಟಾಗ ಮರದ ವಿಷಯದಲ್ಲಿ ಧೈರ್ಯವಿತ್ತು, ಬಣ್ಣದ ವಿಷಯದಲ್ಲಿ ಇರಲಿಲ್ಲ. ಕೈ ಹಾಕಿದ ಮೇಲೆ ತಿಳಿಯಿತು, ಇದು ಕಲೆಗಾರನ ಕುಂಚಕ್ಕಿಂತ ಹೆಚ್ಚಾಗಿ ಕೆಲಸಗಾರನ ಕುಂಚ. ಬಡಗಿಗೆ ಇರುವ ಲೆಕ್ಕಾಚಾರವೇ ಅಲ್ಲೂ ಇದೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ನಿಲ್ಲಿಸಬೇಕು.

ಕಾಲುವೆಯ ಅಳತೆ ಗೊತ್ತಾದರೆ ಸ್ಟೂಲಿನ ಅಳತೆ ತಾನಾಗಿ ಅರ್ಥವಾಗುತ್ತದೆ. 18ನೇ ಶತಮಾನದಲ್ಲಿ ಕಾಲುವೆ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಇಂಗ್ಲೆಂಡಿನ ನಡುಭಾಗದ ಮಿಡ್‌ಲ್ಯಾಂಡ್ಸ್ ಕಡೆಯ ಕಾಲುವೆಗಳ ಲಾಕುಗಳನ್ನು, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ದೋಣಿ ಅದರೊಳಗೆ ತೂರಬೇಕು, ಹಾಗಾಗಿ ಅಗಲ 7 ಅಡಿಗೂ ಕಡಿಮೆ, ಉದ್ದ ಸುಮಾರು 70 ಅಡಿ. ಬಹುಪಾಲು ಜಾಗ ಕಲ್ಲಿದ್ದಲಿನಂಥ ಸರಕಿಗೆ. ಮನುಷ್ಯರಿಗೆ ಸಿಕ್ಕಿದ್ದು ಹಿಂಬದಿಯ ಹತ್ತಡಿ ಕ್ಯಾಬಿನ್. ರೈಲಿನ ಪೈಪೋಟಿಯಿಂದ ಸಾಗಣೆ ದರ ಕುಸಿದಾಗ, 19ನೇ ಶತಮಾನದ ನಡುಭಾಗದಿಂದೀಚೆಗೆ, ಆಳಿನ ಕೂಲಿ ಉಳಿಸಲು ಹೆಂಡತಿ ಮಕ್ಕಳೂ ದೋಣಿ ಹತ್ತಿದರು. ಇಂಥ ದೋಣಿಗಳನ್ನು ವಾಸದ ಜಾಗಗಳೆಂದು ನೋಂದಾಯಿಸುವ ಕಾನೂನೇ 1877ರಲ್ಲಿ ಬಂತು. ಒಲೆ, ಹಾಸಿಗೆ, ಬಟ್ಟೆ, ಪಿಂಗಾಣಿ ತಟ್ಟೆ ಎಲ್ಲ ಆ ಗೂಡಿನೊಳಗೇ ಇರಬೇಕು. ಗೋಡೆಯ ಕಪಾಟಿನ ಬಾಗಿಲು ಕೆಳಗಿಳಿಸಿದರೆ ಅದೇ ಊಟದ ಮೇಜು. ಸ್ಟೂಲು ಕೂರಲೂ ಆಗಬೇಕು, ಹತ್ತಿ ನಿಲ್ಲಲೂ ಆಗಬೇಕು, ಬೇಡವಾದಾಗ ಒಂದು ಕೈಯಲ್ಲಿ ಎತ್ತಿ ಆಚೆಗಿಡಲೂ ಆಗಬೇಕು.

ನಾಜೂಕಿನ ಮರಗೆಲಸಕ್ಕೆ ಇಲ್ಲಿ ಕೆಲಸವಿಲ್ಲ. ಇಲ್ಲಿಯ ಅಂಗಡಿಗಳಲ್ಲಿ ‘ರೆಡ್‌ವುಡ್’ ಅಂತ ಮಾರುವ ಮುಕ್ಕಾಲು ಇಂಚಿನ ಪೈನ್ ಹಲಗೆ ತಂದೆ. ಮೇಲುಹಲಗೆ 14 ಇಂಚು ಉದ್ದ, 10 ಇಂಚು ಅಗಲ. ಎತ್ತರ ಹತ್ತೂವರೆ ಇಂಚು. ಕಾಲಿನ ಬದಲು ಎರಡು ತುದಿಗೆ ಎರಡು ನಿಂತ ಹಲಗೆ, ಕೆಳಗೆ ‘ವಿ’ ಆಕಾರಕ್ಕೆ ಕತ್ತರಿಸಿದರೆ ಪ್ರತಿಯೊಂದಕ್ಕೂ ಎರಡೆರಡು ಪಾದ. ಉದ್ದಕ್ಕೆ ನಾಲ್ಕಿಂಚಿನ ಎರಡು ಪಟ್ಟಿ. ಅವು ಕೂರಲು ನಿಂತ ಹಲಗೆಗಳ ಅಂಚಿನಲ್ಲಿ ಪಟ್ಟಿಯ ದಪ್ಪಕ್ಕೆ ಸರಿಯಾಗಿ ಕಚ್ಚು ಹೊಡೆದು, ಮೂಲೆಮಟ್ಟ ಇಟ್ಟು ನೋಡಿ, ಅಂಟು ಹಾಕಿ ಮೊಳೆ ಹೊಡೆದೆ. ಮೊಳೆಯ ತಲೆಯನ್ನು ಮರದೊಳಕ್ಕೆ ಇಳಿಸಿ ಮೇಲೆ ಪುಟ್ಟಿ ತುಂಬಿದರಾಯಿತು. ಒಂದು ಕಡೆ ಮಾತ್ರ ಎಚ್ಚರ ಬೇಕು. ನಿಂತ ಹಲಗೆಯ ಎಳೆ ಮೇಲಿಂದ ಕೆಳಕ್ಕೆ ಹೋಗಬೇಕು, ಮೇಲುಹಲಗೆಯ ಎಳೆ ಉದ್ದಕ್ಕೆ ಹೋಗಬೇಕು. ಆಗ ತೇವಕ್ಕೆ ಉಬ್ಬಿದರೂ ಒಣಗಿ ಕುಗ್ಗಿದರೂ ಎರಡೂ ಅಗಲದ ದಿಕ್ಕಿಗೇ ಒಟ್ಟಿಗೆ ಸರಿಯುತ್ತವೆ, ಮೇಲುಹಲಗೆ ಸೀಳುವುದಿಲ್ಲ. ಹಿಡಿಯಲು ಮೇಲುಹಲಗೆಯ ನಡುವೆ ಇಂಚಿನ ಡ್ರಿಲ್ ಬಿಟ್‌ನಿಂದ ಎರಡು ತೂತು ಕೊರೆದು, ನಡುವಿನದನ್ನು ಗರಗಸದಿಂದ ತೆಗೆದು, ಬೆರಳಿಗೆ ಒತ್ತದ ಹಾಗೆ ಅರದಿಂದ ಉಜ್ಜಿದೆ. ಹೊರ ಅಂಚುಗಳನ್ನು ಸ್ವಲ್ಪ ಗುಂಡಗೆ ಮಾಡುವುದೂ ಅಂದಕ್ಕಲ್ಲ. ಚೂಪು ಅಂಚಿನ ಮೇಲೆ ಬಣ್ಣ ತೆಳುವಾಗಿ ಕೂತು ಮೊದಲು ಅಲ್ಲೇ ಎದ್ದು ಬರುತ್ತದೆ.

ಪೈನಿನ ದೊಡ್ಡ ತಲೆನೋವು ಅದರ ಗಂಟು. ಗಂಟಿನೊಳಗಿನ ರಾಳ ತಿಂಗಳುಗಳಾದ ಮೇಲೂ ಒಸರಿ ಬಣ್ಣದ ಮೇಲೆ ಹಳದಿ ಕಲೆ ಮೂಡಿಸುತ್ತದೆ. ಅದಕ್ಕೆ ಮೊದಲೇ ಗಂಟುಗಳ ಮೇಲೆ ‘ನಾಟಿಂಗ್’ ಹಚ್ಚಬೇಕು. ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ನಮ್ಮ ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೇ. ಎರಡು ತೆಳು ಕೋಟು ಸಾಕು. ಆಮೇಲೆ ಪ್ರೈಮರ್, ಅಂಡರ್‌ಕೋಟು, ನಡುನಡುವೆ 240 ನಂಬರಿನ ಸ್ಯಾಂಡ್ ಪೇಪರ್. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಸ್ಟೂಲಿನ ಎಲ್ಲ ಮೈಗೂ ಹೂ ಬರೆಯುವುದಿಲ್ಲ. ಹಳೇ ಕ್ಯಾಬಿನ್‌ಗಳ ಒಳಗೆ ನೋಡಿದರೆ ಹೆಚ್ಚಿನ ಜಾಗ ಓಕ್ ಮರದಂತೆ ಕಾಣುವ ಕಂದು ಬಣ್ಣ. ಹೂ, ಕೋಟೆ ಎಲ್ಲ ಚೌಕಟ್ಟು ಹಾಕಿದ ಅಂಕಣಗಳಲ್ಲಿ ಮಾತ್ರ. ಆ ಓಕ್ ನಿಜವಾದ ಓಕ್ ಆಗಿರಬೇಕೆಂದಿಲ್ಲ. ತಿಳಿ ಹಳದಿ ಕೋಟು ಒಣಗಿದ ಮೇಲೆ ‘ಸ್ಕಂಬಲ್’ ಎನ್ನುವ ಕಂದು ಪಾರದರ್ಶಕ ಬಣ್ಣ ಬಳಿದು, ಹಸಿಯಿರುವಾಗಲೇ ರಬ್ಬರಿನ ಅಥವಾ ಉಕ್ಕಿನ ಹಣಿಗೆ ಎಳೆದರೆ ಕೆಳಗಿನ ಹಳದಿ ಗೆರೆಗೆರೆಯಾಗಿ ಕಂಡು ಮರದ ಎಳೆಯಂತಾಗುತ್ತದೆ. ಮೊದಲು ನೇರಕ್ಕೆ, ಮತ್ತೆ ಅದರ ಮೇಲೆ ಸ್ವಲ್ಪ ಓರೆಯಾಗಿ ಎಳೆದರೆ ಗೆರೆಗಳು ತುಂಡಾಗಿ ಇನ್ನೂ ನಿಜ ಅನ್ನಿಸುತ್ತದೆ. ಇದ್ದಲಿನ ಮಸಿ ಅಂಟುವ ಮನೆಗೆ ಇಂಥ ಬಣ್ಣವೇ ಸರಿ. ಪಟ್ಟಿಗಳಿಗೆ ನಾನು ಇದನ್ನೇ ಮಾಡಿದೆ. ಮೇಲುಹಲಗೆಗೆ ಕಡು ಹಸಿರು, ಅಂಚಿಗೆ ಕೆಂಪು, ಎರಡರ ನಡುವೆ ಹಳದಿ ಗೆರೆ.

ಈ ಹಂತದಲ್ಲಿ ಸಾಗರದಿಂದ ಅಮ್ಮ ವಿಡಿಯೊ ಕಾಲ್ ಮಾಡಿದ್ದರು. “ಎಂಥದೋ ಅದು, ಮಣೆಯಾ?” ಹೌದು, ಇದರ ಮೇಲೆ ಗುಲಾಬಿ ಬರೀತೇನೆ ಅಂದೆ. “ಅಲ್ಲ ಮಾರಾಯ, ಹೂವಿನ ಮೇಲೆ ಕೂತ್ಕೊಳ್ಳೋದಾ?” ದೋಣಿಯವರು ಕೂತರು. ಹೂವಿನ ಬಾಲ್ದಿಯಿಂದ ನೀರೆತ್ತಿದರು, ಹೂವಿನ ಪಾತ್ರೆಯಲ್ಲಿ ದೋಣಿ ಎಳೆಯುವ ಕುದುರೆಗೆ ಮೇವಿಟ್ಟರು. ಸವೆದಾಗ ದೋಣಿ ರಿಪೇರಿಗೆ ಡಾಕಿಗೆ ಹೋಗುತ್ತಿತ್ತು, ಅಲ್ಲಿಯ ಬಣ್ಣದವನು ಮತ್ತೆ ಬರೆದುಕೊಡುತ್ತಿದ್ದ. ಒಂದು ದೋಣಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದವನು ಅವನು, ಒಂದು ಹೂವಿನ ಮುಂದೆ ಅರ್ಧ ದಿನ ಕೂರುವ ಹಾಗಿರಲಿಲ್ಲ.

ಆ ಅವಸರವೇ ಈ ಗುಲಾಬಿಯ ರೂಪ. ಪೆನ್ಸಿಲ್ಲಿನಲ್ಲಿ ಹೂ ಬಿಡಿಸಿ ಬಣ್ಣ ತುಂಬುವ ಪದ್ಧತಿ ಇಲ್ಲಿಲ್ಲ. ಮೊದಲು ಗುಲಾಬಿ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಬರೀ ದುಂಡನೆಯ ಬೊಟ್ಟು. ಕೆಂಪು ಗುಲಾಬಿಗೆ ಕಡು ಮರೂನ್, ಹಳದಿಗೆ ಕಂದು ಕಿತ್ತಳೆ, ಬಿಳಿಗೆ ಗುಲಾಬಿ ಬಣ್ಣ. ಸುತ್ತ ತಿಳಿ ಹಸಿರಿನ ಎಲೆಗಳು. ಇಷ್ಟು ಮಾಡಿ ಪೂರ್ತಿ ಒಣಗಲು ಬಿಡಬೇಕು. ಎನಾಮೆಲ್ ಬಣ್ಣ, ಒಂದು ರಾತ್ರಿ ಬೇಕೇ ಬೇಕು. ಮರುದಿನ ಬೊಟ್ಟಿನ ಮೇಲೆ ತಿಳಿ ಬಣ್ಣದ ಎಸಳು. ಒಂದು ಎಸಳಿಗೆ ಒಂದೇ ಎಳೆತ. ಉದ್ದ ಕೂದಲಿನ ಮೆತ್ತನೆ ಕುಂಚಕ್ಕೆ ಬಣ್ಣ ತುಂಬಿಸಿ, ತುದಿ ಊರಿ, ಒತ್ತಿ, ಬಾಗಿಸಿ ಎಳೆಯುತ್ತ ಮೆಲ್ಲಗೆ ಮೇಲೆತ್ತಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪಾದ ಎಸಳು ಬೀಳುತ್ತದೆ. ಕೆಳಗೆ ದೊಡ್ಡ ಎಸಳುಗಳ ಬೀಸಣಿಗೆ, ಮೇಲೆ ಒಳಮುಖವಾಗಿ ಬಾಗಿದ ಚಿಕ್ಕವು, ನಡುವೆ ಕಡು ಬಣ್ಣದ ಗುಂಡಿ ಹಾಗೇ ಉಳಿಯಬೇಕು. ಹೂವಿಗೆ ಆಳ ಕೊಡುವುದು ಆ ಬಿಟ್ಟ ಜಾಗ. ಕೊನೆಗೆ ಸಣ್ಣ ಕುಂಚದಿಂದ ಎಲೆಗಳ ಹಳದಿ ನರ, ಗುಂಡಿಯಲ್ಲಿ ನಾಲ್ಕು ಚುಕ್ಕೆ ಕೇಸರ.

ಬಿದ್ದ ಎಸಳನ್ನು ತಿದ್ದಲು ಹೋಗಬಾರದು. ತಿದ್ದಿದ ಎಸಳಿನಲ್ಲಿ ಕುಂಚದ ಓಟ ಅಳಿಸಿಹೋಗುತ್ತದೆ, ಹೂ ಸಪ್ಪೆಯಾಗುತ್ತದೆ. ಇಷ್ಟವಾಗದಿದ್ದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಯುವುದೇ ಸರಿ. ಕೆಳಗಿನ ಕೋಟು ಪೂರ್ತಿ ಒಣಗಿರಬೇಕು ಅಂದದ್ದು ಇದಕ್ಕೂ ಹೌದು. ಕೈ ಪಳಗಿಸಿಕೊಳ್ಳಲು ನಾನು ಹಳೇ ಕಿಟಕಿಯ ಗಾಜು ಇಟ್ಟುಕೊಂಡಿದ್ದೆ. ಹಸಿರು ಕಾಗದ ಕೆಳಗಿಟ್ಟು ಮೇಲೆ ಎಸಳು ಎಳೆದು, ಒರೆಸಿ, ಮತ್ತೆ ಎಳೆಯುವುದು. ಬಣ್ಣದ ಹದ ಕೂಡ ಗಾಜಿನ ಮೇಲೆಯೇ ತಿಳಿಯುತ್ತದೆ. ಗಟ್ಟಿಯಿದ್ದರೆ ಎಸಳಿನ ಬಾಲ ತುಂಡಾಗುತ್ತದೆ, ತೆಳುವಾದರೆ ಎಸಳು ಚೆಲ್ಲಿ ಹರಡುತ್ತದೆ.

ಹೀಗೆ ಎಳೆದು ನೋಡಿದ ಮೇಲೆ ಹಳಬರ ಕೆಲಸ ಬೇರೆಯೇ ಕಾಣತೊಡಗಿತು. ನಾರ್ತಾಂಪ್ಟನ್‌ಶೈರ್‌ನ ಸ್ಟೋಕ್ ಬ್ರೂಯರ್ನ್‌ನಲ್ಲಿ ಕಾಲುವೆ ಮ್ಯೂಸಿಯಂ ಇದೆ, 1963ರಲ್ಲಿ ಶುರುವಾದದ್ದು. ಅಂಥ ಕಡೆ ನಿಂತು ಈಗ ಎಸಳು ಎಣಿಸುತ್ತೇನೆ. ಬ್ರಾನ್ಸ್‌ಟನ್ ಡಾಕಿನ ಫ್ರಾಂಕ್ ನರ್ಸರ್ ಎಸಳುಗಳನ್ನು ಬಿಡುಬಿಡಾಗಿ, ಧಾರಾಳವಾಗಿ ಎಸೆದಂತೆ ಬರೆಯುತ್ತಿದ್ದ. ಸ್ಟೋಕ್-ಆನ್-ಟ್ರೆಂಟ್‌ನ ಬಿಲ್ ಹಾಡ್ಸನ್‌ನ ಗುಲಾಬಿ ಇನ್ನಷ್ಟು ನಯ, ಪಿಂಗಾಣಿ ತಟ್ಟೆಯ ಹೂವಿಗೆ ಹತ್ತಿರ. ಅದು ಪಿಂಗಾಣಿಯ ಊರೇ ತಾನೆ. ನನಗೆ ನರ್ಸರ್ ಹೆಚ್ಚು ಇಷ್ಟ. ಈ ಕಲೆ ಜಿಪ್ಸಿಗಳಿಂದ ಬಂತು, ಹಾಲೆಂಡಿನಿಂದ ಬಂತು ಎಂದೆಲ್ಲ ಹೇಳುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ ಅನ್ನಿಸುತ್ತದೆ. ಇದೇ ಕಾಲುವೆಗಳ ಪಕ್ಕದ ವುಲ್ವರ್‌ಹ್ಯಾಂಪ್ಟನ್, ಬಿಲ್‌ಸ್ಟನ್ ಊರುಗಳಲ್ಲಿ ಕಪ್ಪು ತಗಡಿನ ತಟ್ಟೆಗಳ ಮೇಲೆ ಕೂಲಿಗೆ ಹೂ ಬರೆಯುವವರಿದ್ದರು. ಆ ತಟ್ಟೆಗಳಲ್ಲೂ ಇದೇ ಎಳೆತ.

ಕೋಟೆಯನ್ನು ಸ್ಟೂಲಿನ ಎರಡು ನಿಂತ ಹಲಗೆಗಳ ಮೇಲೆ ಬರೆದೆ. ಆಕಾಶ ಮಾತ್ರ ಹಸಿಯಲ್ಲೇ ಬೆರೆಸುವುದು, ಮೇಲೆ ನೀಲಿ, ದಿಗಂತದ ಹತ್ತಿರ ಕೆನೆ. ಉಳಿದದ್ದಕ್ಕೆಲ್ಲ ಗುಲಾಬಿಯ ನಿಯಮವೇ. ದೂರದ ಗುಡ್ಡ, ನೀರು, ಕಮಾನು ಸೇತುವೆ, ಗೋಪುರದ ಒಂದು ಮಗ್ಗುಲಿಗೆ ನೆರಳು, ಕಿಟಕಿಗೆ ಕಪ್ಪು ಗೀಟು. ಇಂಥ ಕೋಟೆ ಕಾಲುವೆ ದಂಡೆಯಲ್ಲಿ ಎಲ್ಲೂ ಇಲ್ಲ, ಯಾವುದನ್ನೂ ನೋಡಿ ಬರೆದದ್ದಲ್ಲ. ಹಾಗಾಗಿ ನಾನೂ ಫೋಟೊ ನೋಡದೆ ಬರೆದೆ.

ಕೊನೆಗೆ ಎಣ್ಣೆ ವಾರ್ನಿಶ್ ಎರಡು ಕೋಟು. ಕಾಲ ಕಳೆದಂತೆ ಅದು ಸ್ವಲ್ಪ ಹಳದಿಯಾಗುತ್ತದೆ. ಬಿಳಿ ಗುಲಾಬಿಗೆ ಅದರಿಂದ ಒಳ್ಳೆಯದೇ. ಯಾರಾದರೂ ಹಳೇ ದೋಣಿ ಸಾಮಾನು ಕೊಂಡು ಹೊಸದು ಮಾಡಲು ಹೊರಟಿದ್ದರೆ ಒಂದು ಮಾತು. ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಒಣ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ.

ಈಗ ದೋಣಿಯಲ್ಲೇ ವಾಸವಿರುವ ಗೆಳೆಯನೊಬ್ಬನಿಗೆ ಕಪಾಟಿನ ಮೇಜು-ಬಾಗಿಲು ಮಾಡುತ್ತಿದ್ದೇನೆ. ಕೆಳಗಿಳಿಸಿದಾಗ ಒಳಮೈ ಊಟದ ಹಲಗೆ, ಹೊರಮೈಯ ಕೋಟೆ ಅಡಿಗೆ ಹೋಗುತ್ತದೆ. ಚಿತ್ರದ ಮೇಲೆ ಟೀ ಚೆಲ್ಲುವ ಭಯವಿಲ್ಲ. ಬಿಜಾಗರಿ ಹಿತ್ತಾಳೆಯದೇ ತಂದಿದ್ದೇನೆ. ಕೆಟಲಿನ ಹಬೆ ಸದಾ ತುಂಬಿರುವ ಕ್ಯಾಬಿನ್ನಿನಲ್ಲಿ ಕಬ್ಬಿಣದ್ದು ತುಕ್ಕು ಹಿಡಿದು ಸುತ್ತಲಿನ ಬಣ್ಣವನ್ನೇ ಎಬ್ಬಿಸುತ್ತದೆ.