ಮಂಡಿಯ ನೀರು ತೆಗೆಸುವ ಮುನ್ನ, ತೆಗೆಸಿದ ಮೇಲೆ

ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಮಂಡಿಯ ಮೇಲೆ ಹುಣ್ಣು ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಡಿಲ ಪಂಚೆಯೋ ಚಡ್ಡಿಯೋ ಸಾಕು, ಜೀನ್ಸ್ ಮೇಲೇರುವುದಿಲ್ಲ.

ಅಂಗಾತ ಮಲಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡುತ್ತಾರೆ. ಅಯೋಡಿನ್ ದ್ರಾವಣ ಹಚ್ಚಿ, ಅದು ಒಣಗಿದ ಮೇಲೆ ಮರಗಟ್ಟಿಸುವ ಇಂಜೆಕ್ಷನ್. ಉರಿ ಹೆಚ್ಚಾಗಿ ಇದರದ್ದೇ. ಆಮೇಲೆ ಸಾಮಾನ್ಯವಾಗಿ 18 ಗೇಜಿನ (ಗೇಜ್ ಎಂದರೆ ದಪ್ಪದ ಅಳತೆ) ಸೂಜಿ ಮಂಡಿಚಿಪ್ಪಿನ ಪಕ್ಕದಿಂದ ಅದರ ಅಡಿಗೆ ಹೋಗುತ್ತದೆ. ಆಗ ತೊಡೆ ಬಿಗಿದರೆ ಚಿಪ್ಪು ಕೆಳಗೊತ್ತಿ ದಾರಿ ಮುಚ್ಚುತ್ತದೆ. ಕಾಲು ಸಡಿಲ ಬಿಡಿ, ಪಾದದ ಬೆರಳು ಆಡಿಸುತ್ತಿರಿ. ನೀರು ನಡುವೆ ನಿಂತರೆ ಮುಗಿಯಿತೆಂದಲ್ಲ: ಕೀಲಿನ ಒಳಪೊರೆ ಸೂಜಿಯ ಬಾಯಿಗೆ ಅಂಟಿರಬಹುದು, ದ್ರವ ಗಟ್ಟಿಯಿರಬಹುದು. ವೈದ್ಯರು ಸೂಜಿಯನ್ನು ಸ್ವಲ್ಪ ತಿರುಗಿಸಿದರೆ ಮತ್ತೆ ಬರಬಹುದು.

ಸಿರಿಂಜಿಗೆ ಬಂದ ನೀರಿನ ಬಣ್ಣ ನೋಡಿ. ತಿಳಿ ಹಳದಿಯಾದರೆ ಸಾಮಾನ್ಯವಾಗಿ ಕೀಲಿನ ಸವೆತ. ಮಸುಕಾಗಿ, ಸಿರಿಂಜಿನ ಹಿಂದೆ ಹಿಡಿದ ಅಕ್ಷರ ಕಾಣದಂತಿದ್ದರೆ ಗೌಟೋ (ಕೀಲಿನಲ್ಲಿ ಹರಳು ಕಟ್ಟುವ ಕಾಯಿಲೆ) ಸೋಂಕೋ ಇರಬಹುದು. ಕಣ್ಣಳತೆಯಲ್ಲಿ ತೀರ್ಮಾನಿಸುವಂತಿಲ್ಲ, ಜೀವಕೋಶದ ಎಣಿಕೆ, ಹರಳಿನ ಪರೀಕ್ಷೆ, ರೋಗಾಣು ಬೆಳೆಸಿ ನೋಡುವ ಕಲ್ಚರ್ ಮೂರೂ ಆಗಬೇಕು. ಪೆಟ್ಟಿನ ನಂತರದ ರಕ್ತದ ಮೇಲೆ ಎಣ್ಣೆಹನಿ ತೇಲಿದರೆ ಮೂಳೆ ಬಿರುಕಿನ ಗುಮಾನಿ. ಸೋಂಕಿನ ಶಂಕೆಯಿದ್ದಾಗ ಊತ ತಗ್ಗಿಸುವ ಸ್ಟೆರಾಯ್ಡನ್ನು ಮಂಡಿಗೆ ಹಾಕಬಾರದು. ಹಾಕಿಸಿಕೊಂಡ ಮಧುಮೇಹಿಗಳಿಗೆ ಕೆಲ ದಿನ ಸಕ್ಕರೆ ಏರುತ್ತದೆ.

ಮನೆಗೆ ಆಟೋದಲ್ಲಿ ಬನ್ನಿ. ಒಂದೆರಡು ದಿನ ಮೆಟ್ಟಿಲು, ಚಕ್ಕಳಮಕ್ಕಳ ಬೇಡ. ಬಟ್ಟೆ ಸುತ್ತಿದ ಐಸ್ 15 ನಿಮಿಷ ಇಡಿ. ಜ್ವರ, ಹೆಚ್ಚುತ್ತಿರುವ ನೋವು, ಕೆಂಪು, ಬಿಸಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ, ಬೆಳಗಾಗಲೆಂದು ಕಾಯಬೇಡಿ. ನೀರು ಮತ್ತೆ ತುಂಬಿದರೆ ಸೂಜಿಯನ್ನು ದೂರಬೇಡಿ. ಮೂಲ ಕಾಯಿಲೆ ಒಳಗೇ ಇದೆ.